ತಾರಿಲಾ ಕಟ್ಟಿದ ತಾಳೆಗರಿ

ತಾರಿಲಾ ಕೆಸರನ್ನೇ ನಂಬಿ ಬದುಕಿದವಳು. ನೈಜರ್ ನದಿ ಕಡಲು ಸೇರುವ ಕಡೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೊಣಕಾಲುದ್ದ ಹೂತು ಶಂಖಹುಳು ಹೆಕ್ಕಿ, ಸಂತೆಯಲ್ಲಿ ಮಾರಿ ಮಕ್ಕಳನ್ನು ದಡ ಸೇರಿಸಿದಳು. ಗಂಡ ಸತ್ತಾಗಲೂ ಬಾಯಿ ಬಿಡದವಳು, ತನ್ನ ಹಳ್ಳದ ತುಂಬ ಕಚ್ಚಾ ಎಣ್ಣೆ ಹರಡಿದ ದಿನ ಊರು ಕೇಳುವಂತೆ ಬೈದಳು.

ನೋಡಲು ಎಣ್ಣೆ ಕಂಪನಿಯ ಸಾಹೇಬ ಬಂದ. ಸೋರಿದ್ದು ತಮ್ಮ ಪೈಪೇ ಎಂದು ಅವನು ಒಪ್ಪಿದರೆ ಕಂಪನಿ ಕೆಸರು ತೊಳೆಯಬೇಕು. ಇಲ್ಲವಾದರೆ ತಾರಿಲಾಳ ಹೊಟ್ಟೆಗೆ ತಣ್ಣೀರುಬಟ್ಟೆಯೇ ಗತಿ. ಸಾಹೇಬ ದೋಣಿಯಿಂದ ಕೆಳಗಿಳಿಯಲಿಲ್ಲ. ಬೂಟು ಹೊಸದು.

"ಇದು ನೆಲದಿಂದ ತಾನಾಗೇ ಒಸರಿದ್ದು ಕಣಮ್ಮ. ವರ್ಷಗಟ್ಟಲೆ ನೀವೇ ಕೂಗಿದ್ರಲ್ಲ, ಎಲೆ ಕೊಳೆತು, ಹುಳು ಸತ್ತು, ಹೂತು ಬೆಂದು ಆದ ಎಣ್ಣೆ, ನಮ್ಮ ಕೆಸರಿನ ಕೂಸು ಅಂತ! ನಿಮ್ಮ ಕೂಸು ಹೊರಗೆ ಬಂದಿದೆ, ಅಷ್ಟೇ."

ತಾರಿಲಾ ಹಣೆ ಚಚ್ಚಿಕೊಂಡಳು. ಎಣ್ಣೆಯಲ್ಲಿ ಊರಿಗೂ ಪಾಲು ಬೇಕೆಂಬ ಆ ಘೋಷಣೆ ಬರೆದದ್ದು ಊರಿನ ಮೇಷ್ಟ್ರು, ಕೂಗಿ ಗಂಟಲು ಹರಿದುಕೊಂಡದ್ದು ಇವಳು. ಮೇಷ್ಟ್ರು ಕೋಟಿ ವರ್ಷ, ಮೈಲಿ ಆಳ ಎಂದೆಲ್ಲ ಸೇರಿಸಿದ್ದರು. ಕೂಗಲು ಉದ್ದವಾಯಿತೆಂದು ಊರವರೇ ಅದನ್ನು ಕತ್ತರಿಸಿದ್ದರು. ತಮ್ಮ ಕತ್ತಿಗೆ ತಾವೇ ಕುತ್ತಿಗೆ ಕೊಟ್ಟಂತಾಯಿತು.

"ಅದು ಕೋಟ್ಯಂತರ ವರ್ಷದ ಹಿಂದಿನ ಕೆಸರಯ್ಯಾ! ನಾನು ನಿನ್ನೆ ತುಳಿದಿದ್ದಲ್ಲ. ಅಷ್ಟು ಆಳದಿಂದ ಮೇಲಕ್ಕೆ ಎಳೆದು ತಂದಿದ್ದು ಯಾರ ಪೈಪು? ಇಳಿ, ತೂತು ತೋರಿಸ್ತೀನಿ."

"ಹೊತ್ತಾಯ್ತು, ಹೊರಡ್ತೀನಿ."

ಇನ್ನು ಮಾತು ದಂಡ. ಸಾಹೇಬನ ದೋಣಿ ತಿರುಗುವಷ್ಟರಲ್ಲಿ ಅವಳು ಸಣ್ಣ ದೋಣಿ ನೂಕಿಕೊಂಡು ಹೋಗಿ, ಹಳ್ಳದ ಬಾಯಿಗೆ ಅಡ್ಡಲಾಗಿ ಹಗ್ಗ ಬಿಗಿದು ಎಳೆ ತಾಳೆಗರಿ ಕಟ್ಟಿದಳು. ಹಾಗೆ ಕಟ್ಟಿದ ನೀರನ್ನು ಅವಳ ಇಜೋ ಬುಡಕಟ್ಟಿನ ಜನ ಯಾರೂ ದಾಟುವುದಿಲ್ಲ, ಕಟ್ಟಿದವರೇ ಬಿಚ್ಚಬೇಕು. ಸಾಹೇಬನ ದೋಣಿ ನಡೆಸುತ್ತಿದ್ದವನು ಅವಳ ತಂಗಿಯ ಮಗ ಇನೆಬಿ. ಗರಿ ಕಂಡದ್ದೇ ಎಂಜಿನ್ ಆರಿಸಿದ.

"ನಡಿಯೋ, ಒಂದು ಎಲೆಗೆ ಹೆದರ್ತೀಯಾ?"

"ದೊಡ್ಡಮ್ಮ ಕಟ್ಟಿದ್ದು ಸಾರ್. ದಾಟಿದ್ರೆ ನನಗೆ ಊರಲ್ಲಿ ಹೆಣ್ಣು ಕೊಡಲ್ಲ. ಬೇಕಾದ್ರೆ ನೀವು ಈಜಿಕೊಂಡು ಹೋಗಿ."

ಬಿಸಿಲೇರಿತು. ಎಣ್ಣೆಯ ಘಾಟಿಗೆ ಸಾಹೇಬನ ತಲೆ ತಿರುಗಿತು. ಕೊನೆಗೆ ಬೂಟು ಕಳಚಿ ಕೆಸರಿಗಿಳಿದ. ಕಾಂಡ್ಲಾಗಳ ಹಿಂದೆ ತುಕ್ಕು ತಿಂದ ಪೈಪು ಬುಳುಬುಳು ಕಕ್ಕುತ್ತಿತ್ತು.

"ಸರಿ, ಪೈಪಿನದೇ. ತೊಳೆಯೋರನ್ನ ಕಳಿಸ್ತೀನಿ," ಎಂದು, ಅಷ್ಟರಲ್ಲಿ ಬಂದು ಸೇರಿದ್ದ ಊರವರ ಮುಂದೆ ಗೊಣಗಿದ.

ತಾರಿಲಾ ಗರಿ ಬಿಚ್ಚಿದಳು. ದೋಣಿ ದಾಟಿದ ಕೂಡಲೇ ಮತ್ತೆ ಕಟ್ಟಿದಳು: ತೊಳೆಯುವವರು ಬರುವವರೆಗೆ ಯಾರೂ ಒಳಗೆ ಹೋಗಕೂಡದು, ತಾನೂ ಸೇರಿ. ಮೊದಲ ಗರಿ ಒಣಗಿತು, ಎರಡನೆಯದೂ ಒಣಗಿತು. ತೊಳೆಯುವವರ ಸುಳಿವಿಲ್ಲ. ಈಗ ಅವಳು ಕಂಪನಿಯ ಗೇಟಿನ ಮುಂದೆ ಮೇಷ್ಟ್ರ ಉದ್ದನೆಯ ಘೋಷಣೆಯನ್ನೇ ಕೂಗುತ್ತಾಳೆ, ಕೋಟಿ ವರ್ಷ ಸಮೇತ. ನಡುವೆ ಉಸಿರು ಕಟ್ಟುತ್ತದೆ; ಮೇಷ್ಟ್ರನ್ನೂ ಬೈದು ಮುಂದುವರಿಸುತ್ತಾಳೆ.