ಜಟಕಾ ಕುದುರೆಯ ಕೌಬಾಯ್

ನಮ್ಮಪ್ಪ ಸಿನಿಮಾದಲ್ಲಿ ಕೌಬಾಯ್ ಆಗಿದ್ದರು. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೂ ಮುಖ ಬಿಸಿಯಾಗುತ್ತಿದೆ, ಆದರೆ ಕಾರಣ ಮೊದಲಿನದಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಕೌಬಾಯ್ ಸಿನಿಮಾಗಳ ಹುಚ್ಚು ಹತ್ತಿತ್ತು. ಕೋಲಾರದ ಬಂಡೆಗಳೇ ಮೆಕ್ಸಿಕೋ ಆಗುತ್ತಿದ್ದವು. ಬಂಡವಾಳವಿಲ್ಲದ ನಿರ್ಮಾಪಕರು ಹದಿನೈದು ಇಪ್ಪತ್ತು ದಿನದಲ್ಲಿ ಒಂದು ಚಿತ್ರ ಸುತ್ತಿ ಬಿಸಾಡುತ್ತಿದ್ದರು. ಅಪ್ಪನದು ಹೆಚ್ಚಾಗಿ ಖಳನಾಯಕನ ಪಕ್ಕದಲ್ಲಿ ನಿಂತು ಮೊದಲ ಗುಂಡಿಗೇ ಬೀಳುವ ಪಾತ್ರ. ಕೊನೆಕೊನೆಗೆ ಎರಡು ಮೂರು ಚಿತ್ರಗಳಲ್ಲಿ ನಾಯಕರೂ ಆದರು. ಆಗಲೂ ದನಿ ಅವರದ್ದಲ್ಲ, ಮದರಾಸಿನಲ್ಲಿ ಕೂತ ಬೇರೆ ಯಾರದ್ದೋ. ಕುದುರೆಯಂತೂ ಜಟಕಾ ಸ್ಟ್ಯಾಂಡಿನದು. ಬೆಳಿಗ್ಗೆ ಅಪ್ಪನನ್ನು ಹೊತ್ತು ಬಂಡೆಗಳ ನಡುವೆ ಓಡಿ, ಸಂಜೆ ರೈಲು ಬರುವ ಹೊತ್ತಿಗೆ ಗಾಡಿಗೆ ಕಟ್ಟಿಸಿಕೊಳ್ಳುತ್ತಿತ್ತು.

ಸ್ಕೂಲಿನಲ್ಲಿ ಹುಡುಗಿಯರೂ ನನ್ನನ್ನು ಕಂಡರೆ ಎರಡು ಬೆರಳು ಚಾಚಿ ‘ಡಿಶ್ಯುಂ’ ಎನ್ನುತ್ತಿದ್ದರು. ಅಪ್ಪ ಮನೆಯ ಗೇಟಿನ ಹತ್ತಿರ ಬೂಟು ಒರೆಸುತ್ತಾ ಕೂತಿದ್ದರೆ ನಾನು ಪಕ್ಕದ ರಸ್ತೆಯಿಂದ ಸುತ್ತು ಹಾಕಿ ಬರುತ್ತಿದ್ದೆ. ನಾಲ್ಕೈದು ವರ್ಷದಲ್ಲಿ ಆ ಹುಚ್ಚು ಇಳಿಯಿತು. ಅಪ್ಪ ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತರಾಗಿ ಸೇರಿದರು. ಅವರ ಸಿನಿಮಾ ಮುಳುಗಿದ್ದಕ್ಕೆ ಮನೆಯಲ್ಲಿ ಒಳಗೊಳಗೇ ಹಿಗ್ಗಿದವಳು ನಾನೊಬ್ಬಳೇ.

ತೊಂಬತ್ತರ ದಶಕದ ನಡುವಿನಲ್ಲಿ, ಅಮ್ಮ ಹೋದ ಮರುವರ್ಷ, ಅಪ್ಪ ಆರು ತಿಂಗಳಿಗೆಂದು ಅಮೆರಿಕದ ಅಲ್ಫರೆಟಾಕ್ಕೆ ನಮ್ಮ ಮನೆಗೆ ಬಂದರು. ನನ್ನ ಗಂಡ ಪ್ರಾಜೆಕ್ಟ್ ಎಂದು ವಾರವೆಲ್ಲ ದೂರದ ಷಾರ್ಲೆಟ್ ನಗರದಲ್ಲಿ ಇರುತ್ತಿದ್ದುದರಿಂದ ಮನೆಯಲ್ಲಿ ನಾವಿಬ್ಬರೇ. ಜಾರ್ಜಿಯಾದ ಪೈನ್ ಮರಗಳನ್ನೂ ಒಂದೇ ಅಚ್ಚಿನ ಮನೆಗಳನ್ನೂ ನೋಡಿ ಅಪ್ಪನಿಗೆ ಭಾರೀ ನಿರಾಸೆ. ಇದಕ್ಕಿಂತ ಕೋಲಾರವೇ ಹೆಚ್ಚು ಅಮೆರಿಕದ ಹಾಗಿತ್ತಲ್ಲ ಎಂದರು. ಯಾರದೋ ಮನೆಯ ಹಳೇ ಸಾಮಾನಿನ ಗ್ಯಾರೇಜ್ ಸೇಲಿನಲ್ಲಿ ಅಗಲ ಅಂಚಿನ ಹಳೇ ಟೋಪಿ ಆರಿಸಿಕೊಂಡು ಅದನ್ನು ಹಾಕಿಕೊಂಡೇ ವಾಕಿಂಗ್ ಹೊರಟರು. ಮನೆಗೆ ಯಾರಾದರೂ ಬರುವವರಿದ್ದರೆ ನಾನು ಅದನ್ನು ಲಾಂಡ್ರಿ ರೂಮಿನಲ್ಲಿ ಬಚ್ಚಿಡುತ್ತಿದ್ದೆ. ಅಪ್ಪನಿಗೆ ಅದು ಗೊತ್ತಾಗುತ್ತಿತ್ತು. ಕೇಳುತ್ತಿರಲಿಲ್ಲ.

ನನ್ನ ಮ್ಯಾನೇಜರ್ ಮೈಸೂರಿನವರು, ನನಗಿಂತ ಒಂದೆರಡು ವರ್ಷ ದೊಡ್ಡವರು. ನನ್ನ ಗ್ರೀನ್ ಕಾರ್ಡಿನ ಅರ್ಜಿ ಅವರ ಮೇಜಿನ ಮೇಲಿತ್ತು. ಸಾಲದ್ದಕ್ಕೆ ಅವರು ನಮ್ಮ ಕಡೆಯ ಕನ್ನಡ ಸಂಘದ ಕಾರ್ಯದರ್ಶಿ. ಎಲ್ಲಿ ನಾಲ್ಕು ಜನ ಸೇರಿದರೂ ಸ್ವಾಗತ, ವಂದನಾರ್ಪಣೆ ಎಲ್ಲ ಆಗಲೇಬೇಕು ಅವರಿಗೆ. ಒಂದು ಶನಿವಾರ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಪ್ಪನನ್ನೂ ಕರೆದುಕೊಂಡು ಹೋದೆ, ಟೋಪಿಯಿಲ್ಲದೆ.

ಊಟ ಬಡಿಸಿಕೊಂಡು ಎಲ್ಲರೂ ತಟ್ಟೆ ಹಿಡಿದು ಬೇಸ್‌ಮೆಂಟಿಗೆ ಇಳಿದೆವು. ಅಲ್ಲಿ ದೊಡ್ಡ ಟಿವಿ. ಮ್ಯಾನೇಜರ್ ಯಾರಿಂದಲೋ ಕಾಪಿ ಮಾಡಿಸಿ ತರಿಸಿದ್ದ ಒಂದು ಕ್ಯಾಸೆಟ್ ಹಾಕಿದರು. ಚಿತ್ರದ ತುಂಬ ಗೆರೆಗಳು, ಬಣ್ಣವೆಲ್ಲ ಹಸಿರಿಗೆ ತಿರುಗಿತ್ತು. ಬಂಡೆಗಳನ್ನು ಕಂಡ ಕೂಡಲೇ ಇದು ಅಪ್ಪನ ಚಿತ್ರವೆಂದು ನನಗೆ ಗೊತ್ತಾಯಿತು. ಅಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

ತೆರೆಯ ಮೇಲೆ ಅಪ್ಪ ಕುದುರೆಯ ಮೇಲೆ ಡಕಾಯಿತರನ್ನು ಅಟ್ಟಿಸಿಕೊಂಡು ಬರುತ್ತಿದ್ದರು. ದಾರಿಯ ಪಕ್ಕದಲ್ಲಿ ಒಬ್ಬ ಹಳ್ಳಿಗ ಕೈ ಎತ್ತಿ, ಅವರು ಅತ್ತ ಹೋದರು ಎಂದು ತೋರಿಸುತ್ತಾನೆ. ಕೈ ಎತ್ತಿದವರನ್ನು ಕಂಡರೆ ಜಟಕಾ ಕುದುರೆ ಸುಮ್ಮನಿರುತ್ತದೆಯೇ? ಸವಾರಿ ಸಿಕ್ಕಿತೆಂದು ಗಕ್ಕನೆ ನಿಂತಿತು. ಅಪ್ಪ ಹಿಮ್ಮಡಿಯಲ್ಲಿ ತಿವಿದರೂ ಕದಲಲಿಲ್ಲ. ಇನ್ನೊಂದು ಸಲ ತೆಗೆಯಲು ಫಿಲ್ಮ್ ಇರಲಿಲ್ಲವಾದ್ದರಿಂದ ಅದೇ ಉಳಿದುಬಿಟ್ಟಿತ್ತು. ತೆರೆಯ ಮೇಲಿನ ಅಪ್ಪ ಕೆಳಗಿಳಿದು, ಕುದುರೆಯ ಕುತ್ತಿಗೆ ತಟ್ಟಿ, ಹಗ್ಗ ಹಿಡಿದುಕೊಂಡು ಡಕಾಯಿತರ ಹಿಂದೆ ನಡೆದೇ ಗುಡ್ಡ ಹತ್ತಿದರು.

ಬೇಸ್‌ಮೆಂಟಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ರಿವೈಂಡ್ ಮಾಡಿ, ರಿವೈಂಡ್ ಮಾಡಿ ಎಂದು ಕೂಗಿದರು. ಎರಡನೇ ಸಲವೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿಯೇ ನಕ್ಕೆ ಎಂದು ನೆನಪು.

ಮ್ಯಾನೇಜರ್ ಮಾತ್ರ ನಗುತ್ತಿರಲಿಲ್ಲ. ತೆರೆಯನ್ನು ನೋಡಿದರು, ತಿರುಗಿ ಅಪ್ಪನನ್ನು ನೋಡಿದರು.

“ಅಂಕಲ್, ಇದು ನೀವೇ ಅಲ್ವಾ?”

ಅಪ್ಪನ ಮುಖದಲ್ಲಿ ಒಂದು ಕಳೆ ಬಂತು. ಬೆನ್ನು ನೆಟ್ಟಗಾಯಿತು. ಅವರು ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ.

“ಅಯ್ಯೋ ಇಲ್ಲಪ್ಪ, ನಮ್ ಫಾದರ್ ಸೊಸೈಟಿಲಿ ಕೆಲಸ ಮಾಡ್ತಿದ್ರು. ಸುಮಾರು ಜನ ಹೀಗೇ ಕನ್‌ಫ್ಯೂಸ್ ಮಾಡ್ಕೋತಾರೆ.”

ಅಪ್ಪ ನನ್ನನ್ನು ನೋಡಿದರು. ಬೈಯುವ ನೋಟವಾಗಿದ್ದರೆ ಎಷ್ಟೋ ವಾಸಿಯಿತ್ತು. ನನಗೇನೋ ತೊಂದರೆಯಿದೆ, ಅದರಿಂದ ಬಿಡಿಸಬೇಕು ಎನ್ನುವ ನೋಟ ಅದು. ಆಮೇಲೆ ಅವರು ಮ್ಯಾನೇಜರ್ ಕಡೆ ತಿರುಗಿ, ಮಗಳು ಹೇಳಿದ್ದು ಸರಿ, ಆ ನಟ ಬೇರೆ, ನಮ್ಮ ಬೀದಿಯ ಕಡೆಯವನೇ, ಒಂದೆರಡು ಸಲ ನೋಡಿದ್ದೆ ಎಂದರು.

ಅಷ್ಟು ಸಾಕಾಯಿತು ಮ್ಯಾನೇಜರಿಗೆ. ಕುರ್ಚಿ ಎಳೆದುಕೊಂಡು ಅಪ್ಪನ ಮುಂದೆ ಕೂತುಬಿಟ್ಟರು. ಹತ್ತು ವರ್ಷದ ಹುಡುಗನಾಗಿದ್ದಾಗ ಈ ಚಿತ್ರವನ್ನು ಟೆಂಟಿನಲ್ಲಿ ಮತ್ತೆ ಮತ್ತೆ ನೋಡಿದ್ದರಂತೆ. ಅವರ ತಂದೆ ಮಾತೆತ್ತಿದರೆ ಬೆಲ್ಟು ತೆಗೆಯುವ ಮನುಷ್ಯ. ಆ ಕುದುರೆ ನಿಂತಾಗ, ಈಗ ಇವನೂ ಚಾವಟಿ ತೆಗೆಯುತ್ತಾನೆ ಎಂದು ಮೊದಲ ಸಲ ಕಣ್ಣು ಮುಚ್ಚಿಕೊಂಡಿದ್ದರಂತೆ.

“ಹೊಡೀಲೇ ಇಲ್ಲ ಅಂಕಲ್. ಇಳಿದು ಅದರ ಜೊತೆ ನಡೆದ. ಗಂಡಸು ಹಾಗೂ ಇರಬಹುದು ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ನನ್ನ ಮಕ್ಕಳ ಮೇಲೆ ನಾನು ಒಂದು ದಿನ ಕೈ ಎತ್ತಿಲ್ಲ.”

ಅಪ್ಪ ತಟ್ಟೆಯನ್ನೇ ನೋಡುತ್ತಿದ್ದರು. ಇಡೀ ವೃತ್ತಿಯಲ್ಲಿ ಅವರಿಗೆ ಇಂಥ ಮಾತು ಒಬ್ಬರೂ ಹೇಳಿರಲಾರರು. ಹೇಳಲು ಬಂದವನನ್ನು ನಾನು ಬಾಗಿಲಲ್ಲೇ ತಡೆದು ಬೇರೆ ಮನೆಗೆ ಕಳಿಸಿದ್ದೆ. ಆಗಲಾದರೂ, ಅದು ನಮ್ಮಪ್ಪನೇ ಎನ್ನಬಹುದಿತ್ತು. ಬಾಯಿಯವರೆಗೂ ಬಂತು. ಆದರೆ ಹಾಗೆಂದರೆ, ಐದು ನಿಮಿಷದ ಹಿಂದೆ ಹೆತ್ತ ಅಪ್ಪನನ್ನೇ ಅಲ್ಲವೆಂದವಳು ಎಂದು ಅಷ್ಟು ಜನರ ಮುಂದೆ ಗೊತ್ತಾಗುತ್ತಿತ್ತು. ನನ್ನ ಮಾನ ನನಗೆ ದೊಡ್ಡದಾಯಿತು. ಅನ್ನ ನುಂಗಿದೆ.

ಮ್ಯಾನೇಜರ್ ಕೊನೆಗೆ ಕೇಳಿದ್ದು ಒಂದೇ. ಆ ನಟ ಈಗ ಎಲ್ಲಿದ್ದಾರೆ, ಮುಂದಿನ ಸಲ ಇಂಡಿಯಾಕ್ಕೆ ಹೋದಾಗ ಹುಡುಕಿಕೊಂಡು ಹೋಗಬೇಕು, ವಿಳಾಸ ಸಿಗಬಹುದೇ?

ವಿಳಾಸ ಎಂದರೆ ನಮ್ಮ ಮನೆಯದೇ. ಅಪ್ಪ ತಟ್ಟೆಯಿಂದ ತಲೆಯೆತ್ತಿ ಹೇಳಿದರು:

“ಇಲ್ಲಪ್ಪ. ಅವನು ತೀರಿಕೊಂಡು ಬಹಳ ದಿನ ಆಯ್ತು.”

ಮ್ಯಾನೇಜರಿನ ಕಣ್ಣು ತುಂಬಿತು. ಎದ್ದು ಟಿವಿ ಆರಿಸಿದರು. ಸಂಘದ ಸಭೆಗಳಲ್ಲಿ ಅಗಲಿದ ಕಲಾವಿದರಿಗೆ ಶ್ರದ್ಧಾಂಜಲಿ ಮಾಡಿಸುವ ಅಭ್ಯಾಸ ಅವರಿಗೆ ಇತ್ತಲ್ಲ, ದಯವಿಟ್ಟು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು ಎಂದರು. ಈಗಷ್ಟೇ ನಕ್ಕವರೆಲ್ಲ ಎಂಜಲು ಕೈ ಹಿಂದಕ್ಕೆ ಹಿಡಿದು ಎದ್ದರು. ಅಪ್ಪನೂ ತಟ್ಟೆ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ತಲೆ ತಗ್ಗಿಸಿ ನಿಂತರು. ಅವರ ಪಕ್ಕದಲ್ಲಿ ನಾನೂ ನಿಂತೆ. ಮೇಲೆ ಅಡುಗೆಮನೆಯಿಂದ ಯಾರೋ ಕಾಫಿಗೆ ಎಷ್ಟು ಜನ ಎಂದು ಕೂಗಿ ಕೇಳಿದರು. ನಿಮಿಷ ತುಂಬುವ ಮೊದಲೇ ಒಬ್ಬರು ಕೂತರು, ಅವರನ್ನು ನೋಡಿ ಉಳಿದವರೂ ಕೂತರು.

ವಾಪಸು ಬರುವಾಗ ಫೋರ್ ಹಂಡ್ರೆಡ್ ಎಂಬ ಹೆದ್ದಾರಿಯ ತುಂಬ ಟ್ರಾಫಿಕ್. ಕಾರು ಇಂಚಿಂಚಾಗಿ ಸರಿಯುತ್ತಿತ್ತು. ಕ್ಷಮಿಸಿ ಎನ್ನಲು ನನಗೆ ಬೇಕಾದಷ್ಟು ಹೊತ್ತಿತ್ತು. ಮಾತಾಡಿದ್ದು ಅಪ್ಪ.

“ಪೂರ್ತಿ ಒಂದು ನಿಮಿಷ ನಿಂತಿದ್ರಾ ಅವರೆಲ್ಲ?”

“ನಿಂತಿದ್ರು” ಎಂದೆ.