ಮಾಮನ ಗೆಲ್ಲುವ ಪದ್ಧತಿ ಮತ್ತು ಎಡಗಡೆಯ ಕುದುರೆ

ನವೆಂಬರ್ 9, ಭಾನುವಾರ. ಬರೆಯಲು ಕುಳಿತದ್ದು ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ.

ಹತ್ತು ನಿಮಿಷದ ಹಿಂದೆ ಇಂಡಿ ಊರಿನ ಗೆಳೆಯನೊಬ್ಬ ಮೊಬೈಲಿಗೆ ಒಂದು ಪಟ್ಟಿ ಕಳಿಸಿದ. ಕುದುರೆ ಜೂಜಿನಲ್ಲಿ ಸೋಲದಿರುವ ಪದ್ಧತಿಯಂತೆ. ಸೋತರೆ ಮುಂದಿನ ಓಟಕ್ಕೆ ಎರಡು ಪಟ್ಟು ಕಟ್ಟಬೇಕು, ಮತ್ತೆ ಸೋತರೆ ನಾಲ್ಕು ಪಟ್ಟು. ಒಂದಲ್ಲ ಒಂದು ದಿನ ಗೆದ್ದೇ ಗೆಲ್ಲುತ್ತೀರಿ. ಆ ದಿನದವರೆಗೆ ಮನೆಯಲ್ಲಿ ಏನು ಉಣ್ಣಬೇಕು ಎಂಬುದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ನಾನು ನಗಲಿಲ್ಲ. ಇಂಥದೊಂದು ಪದ್ಧತಿಗೆ ಒಂದು ಕಾಲದಲ್ಲಿ ನಾನೇ ಗುಮಾಸ್ತನಾಗಿದ್ದೆ.

ಸಿಂದಗಿಯ ನನ್ನ ಸೋದರಮಾವ ಶಿವಪ್ಪನ ಹತ್ತಿರ ಚಂದ್ರಿ ಎಂಬ ಬೂದು ಬಣ್ಣದ ಹೆಣ್ಣುಕುದುರೆಯಿತ್ತು, ಗಾಡಿ ಇರಲಿಲ್ಲ. ನಮ್ಮ ಕಡೆ ಶರ್ಯತ್ತೆಂದರೆ ಜೋಡು ಕುದುರೆ ಕಟ್ಟಿದ ಹಗುರ ಗಾಡಿಗಳ ಓಟ. ಹಾಗಾಗಿ ಮಾಮಾ ಚಂದ್ರಿಯನ್ನು ಕನ್ನೊಳ್ಳಿಯ ಮಲ್ಲಪ್ಪನ ಗಾಡಿಗೆ ಎರವಲು ಕೊಡುತ್ತಿದ್ದ. ಬಲಕ್ಕೆ ಮಲ್ಲಪ್ಪನ ರಾಜಾ, ಎಡಕ್ಕೆ ಚಂದ್ರಿ. ರಾಜಾನ ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆ. ಜನ ಶಿಳ್ಳೆ ಹೊಡೆಯುತ್ತಿದ್ದುದೂ ಅವನಿಗೇ.

ಆಗ ನಾನು ಪಿಯುಸಿ. ದಿನಕ್ಕೆ ಎಷ್ಟು ರೊಟ್ಟಿ ತಿಂದೆ, ಬಸ್ಸು ಎಷ್ಟು ನಿಮಿಷ ತಡ, ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡುವ ಚಟ. ಹುಡುಗಿಯರು ನನ್ನ ಕಡೆ ನೋಡಿದ ದಿನಗಳಿಗೂ ಒಂದು ಕಾಲಮ್ಮಿತ್ತು. ಅದರಿಂದ ಹಾಳೆ ಬಹಳ ಉಳಿತಾಯವಾಯಿತು. ಮಾಮಾ ಮಾತ್ರ ಈ ಚಟದಲ್ಲಿ ವಿದ್ಯೆ ಕಂಡ.

"ತಮ್ಮಾ, ಮಂದಿ ಕುದುರಿ ಮಾರಿ ನೋಡಿ ಬಾಜಿ ಕಟ್ತಾರ. ನಾವು ವಹಿ ನೋಡಿ ಕಟ್ಟೂಣು."

ಎರಡು ವರ್ಷ, ಹದಿನಾಲ್ಕು ಶರ್ಯತ್ತು, ಹನ್ನೊಂದು ಕಾಲಮ್ಮು. ಗಾಳಿಯ ದಿಕ್ಕು, ನೆಲದ ಹಸಿ, ಗಾಡಿ ಹೊಡೆಯುವವನ ತೂಕ, ರಾಜಾ ಹಿಂದಿನ ದಿನ ತಿಂದ ಕಡಲೆ. ಓಟಕ್ಕೆ ಮುಂಚೆ ರಾಜಾ ಎಷ್ಟು ಸಲ ಸೀನುತ್ತಾನೆಂದು ತಿಳಿಯಲು ಮಲ್ಲಪ್ಪನ ಕೊಟ್ಟಿಗೆಯಲ್ಲಿ ಮೂಗು ಮುಚ್ಚಿಕೊಂಡು ಕೂತಿದ್ದೇನೆ. ಕನ್ನೊಳ್ಳಿ ಗಾಡಿ ಹದಿನಾಲ್ಕರಲ್ಲಿ ಹತ್ತು ಗೆದ್ದಿತ್ತು. ಪದ್ಧತಿ ಸಿದ್ಧವಾಯಿತು: ನೆಲ ಒಣಗಿರಬೇಕು, ಎದುರುಗಾಳಿ ಇರಬಾರದು, ರಾಜಾ ಎರಡು ಸಲ ಸೀನಬೇಕು, ಆಮೇಲೆ ಕಣ್ಣು ಮುಚ್ಚಿ ಕನ್ನೊಳ್ಳಿಗೆ ಕಟ್ಟುವುದು.

ಬಸವನ ಬಾಗೇವಾಡಿ ಹತ್ತಿರದ ಬಯಲಿನಲ್ಲಿ ಶರ್ಯತ್ತು ಗೊತ್ತಾಯಿತು. ಅದರ ಹಿಂದಿನ ವಾರ ಚಹಾದಂಗಡಿಯಲ್ಲಿ ಮುದ್ದೇಬಿಹಾಳದ ಕಾಳಿನ ವ್ಯಾಪಾರಿ ಸಿದ್ದಣ್ಣ ನನ್ನ ವಹಿ ತಿರುವಿ ನಕ್ಕ.

"ಶಿವಪ್ಪಣ್ಣಾ, ಇದರ ಮ್ಯಾಲ ಅಷ್ಟು ನಂಬಿಗಿ ಇದ್ರ ನಿಮ್ಮ ಚಂದ್ರಿನ್ನ ಕಟ್ರಿ. ನಾ ನನ್ನ ಹೊಸಾ ಗಾಡಿ ಕಟ್ತೇನಿ. ಬರೇ ಬಾಯಿಲೆ ಆದ್ರ ಊರೆಲ್ಲಾ ಗೆಲ್ತೈತಿ."

ಸ್ವಂತ ಗಾಡಿ! ಮಾಮನ ಕಣ್ಣು ಅರಳಿತು. "ಕಟ್ಟಿದೆ ತಗೋ!" ಎಂದ.

ಇಂಥ ಬಾಜಿಗೆ ಒಂದು ಕಟ್ಟಳೆಯಿದೆ. ಪಣಕ್ಕಿಟ್ಟ ಜಾನುವಾರನ್ನು ಓಟ ಮುಗಿಯುವ ತನಕ ಪಂಚರ ಮುಂದೆ ಗೂಟಕ್ಕೆ ಕಟ್ಟಿರಬೇಕು, ಸೋತವನು ಸಾಗಹಾಕಬಾರದಲ್ಲ. ಸುದ್ದಿ ಕೇಳಿ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಲ್ರೀ, ಅಕಿನ್ನ ಗೂಟಕ್ಕ ಕಟ್ಟಿದ್ರ ಗಾಡಿ ಎಳಿಯಾಕಿ ಯಾರು?"

"ಎಡಕ್ಕ ಯಾವುದರೇ ಒಂದು ಕಟ್ತಾರ. ಓಡಾಂವ ರಾಜಾ. ಅಕಿ ಬರೇ ಜತಿಗೆ ಇರ್ತಾಳ."

"ನಾನೂ ಈ ಮನ್ಯಾಗ ಇಪ್ಪತ್ತು ವರ್ಷದಿಂದ ಬರೇ ಜತಿಗೇ ಅದೇನಿ. ಒಂದ್ ದಿನ ನನ್ನೂ ಗೂಟಕ್ಕ ಕಟ್ಟಿ ನೋಡ್ರಿ, ಒಲಿ ಹೆಂಗ ಹತ್ತತೈತಿ!"

ಮಾಮಾ ನನ್ನ ಕಡೆ ನೋಡಿದ. "ಅತ್ತೀ, ಹನ್ನೊಂದು ಕಾಲಂ ತುಂಬೇನಿ," ಎಂದೆ ನಾನು, ಅಜ್ಞಾನಿಗೆ ತಿಳಿಹೇಳುವ ದನಿಯಲ್ಲಿ. ಅದರಲ್ಲಿ ಚಂದ್ರಿ ಎಲ್ಲಿದ್ದಾಳೆಂದು ಅತ್ತೆ ಕೇಳಿದಳು. ಎಲ್ಲೂ ಇರಲಿಲ್ಲ. ಮನೆಯವಳನ್ನು ಯಾರು ಬರೆದುಕೊಳ್ಳುತ್ತಾರೆ?

ಓಟದ ದಿನ ನೆಲ ಒಣಗಿತ್ತು, ಗಾಳಿ ಸತ್ತಿತ್ತು, ರಾಜಾ ಎರಡು ಸಲ ಸೀನಿದ. ಮಾಮಾ ನನ್ನ ಬೆನ್ನು ತಟ್ಟಿದ. ಬಾವುಟ ಕೆಳಗಿಳಿಯಿತು. ಎಡಕ್ಕೆ ಕಟ್ಟಿದ್ದ ಹೊಸ ಕುದುರೆ ಓಡಿತು. ರಾಜಾ ಪಂಚರ ಕಡೆ ಕತ್ತು ತಿರುಗಿಸಿ ನಿಂತೇಬಿಟ್ಟ. ಗಾಡಿ ಗಾಣದ ಹಾಗೆ ಅಲ್ಲೇ ಒಂದು ಸುತ್ತು ಹಾಕಿತು. ಇತ್ತ ಗೂಟದ ಬಳಿ ಚಂದ್ರಿ ಕಾಲಿನಿಂದ ನೆಲ ಕೆದರುತ್ತಿದ್ದಳು. ಒಂಬತ್ತು ಗಾಡಿಗಳಲ್ಲಿ ಕನ್ನೊಳ್ಳಿಯದು ಒಂಬತ್ತನೆಯದು.

ಚಂದ್ರಿಯ ಹಗ್ಗ ಬಿಚ್ಚಿಕೊಳ್ಳುವಾಗ ಸಿದ್ದಣ್ಣನೂ ನಗಲಿಲ್ಲ. ನಮ್ಮ ಜೊತೆ ಬಂದಿದ್ದ ಅತ್ತೆ ಕಡಲೆಯ ಚೀಲವನ್ನು ಅವನ ಕೈಗಿಟ್ಟು, "ಓಡಿ ಬಂದ ಕೂಡಲೆ ನೀರು ಕುಡಸಬ್ಯಾಡ್ರಿ ಅಣ್ಣಾ," ಎಂದಷ್ಟೇ ಹೇಳಿದಳು. ಬಸ್ಸಿನಲ್ಲಿ ಮಾಮಾ ನನ್ನ ವಹಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಕೊನೆಗೆ, "ತಮ್ಮಾ, ಹನ್ನೆರಡನೇ ಕಾಲಂ ಒಂದು ಹಾಕಬೇಕ್ ನೋಡು. ಬಾವುಟದ ಬಣ್ಣ," ಎಂದ. ನಾನು ಬರೆದುಕೊಂಡೆ.

ಸಿದ್ದಣ್ಣ ಮರುವರ್ಷ ಚಂದ್ರಿಯನ್ನು ಆಲಮೇಲದ ಕಡೆಯವರಿಗೆ ಮಾರಿದ. ಅಲ್ಲಿಂದ ಮುಂದೆ ಎಲ್ಲಿಗೆ ಹೋದಳೋ ತಿಳಿಯದು. ಇಂಡಿಯ ಗೆಳೆಯ ಈಗ ಮತ್ತೆ ಕೇಳುತ್ತಿದ್ದಾನೆ: "ಪಟ್ಟಿ ನೋಡಿದ್ಯಾ? ಏನರ ತಪ್ಪೈತೇನು?" ತಪ್ಪು ಹುಡುಕಲು ಈ ಬೆಳಿಗ್ಗೆ ಮನಸ್ಸು ಬರಲಿಲ್ಲ. "ಪಟ್ಟಿ ಇರ್ಲಿ. ನಿಮ್ಮ ಕಡೆ ಬೂದು ಬಣ್ಣದ ಹೆಣ್ಣುಕುದುರಿ ಕಂಡೀಯೇನು?" ಎಂದು ಬರೆದೆ.

ನಿಮ್ಮನ್ನೂ ಅದನ್ನೇ ಕೇಳುತ್ತಿದ್ದೇನೆ. ಮುಂಗಾಲೊಂದು ಬಿಳಿ, ಎಡಗಿವಿ ಮುಟ್ಟಿದರೆ ಕಚ್ಚುತ್ತಾಳೆ. ಕಂಡವರು ದಯವಿಟ್ಟು ಬರೆಯಿರಿ. ಎಷ್ಟು ಓಟ ಗೆದ್ದಳೆಂಬುದು ಬೇಡ. ಓಡಿ ಬಂದ ಮೇಲೆ ಅವಳ ಮೈ ಯಾರು ಒರೆಸುತ್ತಾರೆ, ಅಷ್ಟು ತಿಳಿಸಿ. ಅತ್ತೆ ಕೇಳುತ್ತಾಳೆ.