ತುಟಿ ಪಿಟಿಕ್ಕೆನ್ನದವನ ತಂಗಿ

ಊರಿನ ಹಳೆಯ ಠಾಣೆ ಈಗ ಮ್ಯೂಸಿಯಂ. ಒಂದು ಕಾಲದಲ್ಲಿ ಸರ್ಕಾರದ ವಿರುದ್ಧ ಬಾಯಿ ಬಿಟ್ಟವರನ್ನೆಲ್ಲ ಅಲ್ಲಿಗೆ ಎಳೆದು ತರುತ್ತಿದ್ದರು. ಈಗ ಟಿಕೆಟ್ ತೆಗೆದುಕೊಂಡು ಬಂದವರಿಗೆ ಕೋಣೆ ಕೋಣೆ ತೋರಿಸಿ ವಿವರಿಸುವುದು ಅವಳ ಕೆಲಸ. ಒಂದೇ ಸಮನೆ ಮಾತಾಡುತ್ತಾಳೆಂದು ಜೊತೆಯವರು ಅವಳಿಗೆ ‘ರೇಡಿಯೊ’ ಎಂದು ಹೆಸರಿಟ್ಟಿದ್ದರು. ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಮಾತ್ರ ರೇಡಿಯೊದ ದನಿ ತಗ್ಗುತ್ತಿತ್ತು. ಅಲ್ಲಿನ ಗೋಡೆಯ ಮೇಲಿದ್ದದ್ದು ಅವಳ ಅಣ್ಣನ ಫೋಟೊ. ಬಸ್ ಕಂಡಕ್ಟರ್ ಆಗಿದ್ದ. ಮುಷ್ಕರಕ್ಕೆ ಜನ ಸೇರಿಸಿದನೆಂದು ಹಿಡಿದು ತಂದವರು ಮನೆಯವರಿಗೆ ಹೆಣ ಕೊಟ್ಟಿದ್ದರು. ಆಗ ಅವಳಿನ್ನೂ ಶಾಲೆಯಲ್ಲಿದ್ದಳು.

“ಎಷ್ಟು ಹೊಡೆದರೂ ತುಟಿ ಪಿಟಿಕ್ಕೆನ್ನಲಿಲ್ಲ” ಎನ್ನುತ್ತಿದ್ದಳು. ಮ್ಯೂಸಿಯಂನವರು ಹೇಳಿಕೊಟ್ಟ ಮಾತು ಅದು. ಹೇಳಿ ಹೇಳಿ ಅವಳದೇ ಆಗಿಹೋಗಿತ್ತು. ಕೇಳಿದವರು ಕಣ್ಣೊರೆಸಿಕೊಂಡು ಹೊರಗೆ ಹೋಗಿ ಐಸ್‌ಕ್ರೀಂ ತಿನ್ನುತ್ತಿದ್ದರು.

ಅಷ್ಟು ವರ್ಷ ಆ ಕಡೆ ತಲೆಹಾಕದ ಅಮ್ಮ ಒಂದು ದಿನ, “ನೀನು ಅಲ್ಲಿ ಏನ್ ಹೇಳ್ತೀಯೋ ಕೇಳ್ಬೇಕು ಕಣೇ” ಎಂದು ತಾನಾಗಿಯೇ ಹೊರಟಳು. ಗುಂಪಿನ ಹಿಂದೆ ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದಳು. ಮಗಳು ಎಂದಿನಂತೆ ಹೇಳಿ ಮುಗಿಸಿದಳು. ಗುಂಪು ಆಚೆ ಹೋದ ಮೇಲೆ ಅಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು.

“ಅವ್ನು ಬಾಯೇ ಬಿಡ್ಲಿಲ್ಲ ಅಂತ ಯಾರ್ ಹೇಳಿದ್ರು ನಿಂಗೆ?”

“ಇಲ್ಲಿ ಹಾಗೇ ಹೇಳ್ಕೊಟ್ಟಿದಾರಮ್ಮ.”

“ನಾನು ಗೇಟ್ ಹತ್ರಾನೇ ನಿಂತಿದ್ದೆ. ಕಿರುಚ್ತಿದ್ದ. ಅಮ್ಮಾ, ಅಮ್ಮಾ ಅಂತ ಕೂಗ್ತಿದ್ದ. ಆಮೇಲೆ ಕೂಗು ನಿಂತೋಯ್ತು. ಹೊಡೆಯೋದು ಬಿಟ್ರು ಅಂದ್ಕೊಂಡು ಮನೆಗೆ ಬಂದು ಅವನಿಗೂ ಸೇರ್ಸಿ ಅಡುಗೆ ಮಾಡ್ದೆ.”

ಮಗಳು ಅಮ್ಮನನ್ನು ಆಟೋ ಹತ್ತಿಸಿದವಳೇ ಮ್ಯೂಸಿಯಂ ನಿರ್ದೇಶಕರ ಕೋಣೆಗೆ ಹೋದಳು. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು.

“ನಿಮ್ಮ ತಾಯಿ ಸಂಕಟ ಅರ್ಥ ಆಗುತ್ತೆ. ಆದ್ರೆ ಜನ ಇಲ್ಲಿಗೆ ಧೈರ್ಯ ನೋಡೋಕೆ ಬರ್ತಾರೆ. ಅತ್ತ, ಕಿರುಚಿದ ಅಂದ್ರೆ ನಿಮ್ಮಣ್ಣನಿಗೇ ಅವಮಾನ ಅಲ್ವಾ?”

“ಹೊಡ್ದೋರಿಗೆ ಏನೂ ಅವಮಾನ ಇಲ್ವಾ ಸಾರ್?”

“ಮುಂದಿನ ಗುಂಪು ಕಾಯ್ತಾ ಇದೆ, ನೋಡಿ” ಎಂದರು ಅವರು.

ಮರುದಿನ ಆ ಕೋಣೆಯಲ್ಲಿ ಅಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಒಬ್ಬಾತ ಹೆಂಡತಿಯನ್ನು ಕರೆದುಕೊಂಡು ಅರ್ಧಕ್ಕೇ ಹೊರಟುಹೋಗಿ, ರಜೆಯ ದಿನ ಹಾಳಾಯಿತೆಂದು ದೂರು ಕೊಟ್ಟ. ಆ ವಾರವೇ ಅವಳನ್ನು ಬಾಗಿಲ ಬಳಿ, ಬಂದವರ ಬ್ಯಾಗು ಇಟ್ಟುಕೊಳ್ಳುವ ಕೌಂಟರಿಗೆ ಹಾಕಿದರು. ಕೆಳಗೆ ಹೊಸಬನೊಬ್ಬ ಹಳೆಯ ಮಾತನ್ನೇ ಒಪ್ಪಿಸುತ್ತಿದ್ದಾನೆ, ಅವಳಿಗಿಂತ ಚೆನ್ನಾಗಿ.

“ಈಗ ಸರಿಯಾಗಿ ಹೇಳ್ತಿದೀಯಾ?” ಎಂದು ಅಮ್ಮ ಆಗಾಗ ಕೇಳುತ್ತಾಳೆ.

“ಹೂಂ, ಹೇಳ್ತಿದೀನಿ.”

“ಜನ ಏನಂತಾರೆ?”

“ಸುಮ್ನೆ ನಿಂತ್ಕೊಂಡು ಕೇಳ್ತಾರಮ್ಮ” ಎಂದು ಮುಖ ಆಚೆ ತಿರುಗಿಸುತ್ತಾಳೆ.